ಗಿರಿಜಕ್ಕ ನಿಲ್ಲಿಸಿದ ಧಾರಾವಾಹಿ

ಗಿರಿಜಕ್ಕನ ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು. ನೀಲಿ ಅವರದು, ಕೆಂಪು ನಮ್ಮದು. ನೀಲಿಯಲ್ಲಿ ಅವರು ನಮ್ಮ ಕಷ್ಟಸುಖ ಬರೆಯುತ್ತಿದ್ದರು. ಬರೆದದ್ದನ್ನು ನಮ್ಮ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂರ್ತಿ ಓದಿ ಹೇಳಿ, ಕೆಂಪು ಪೆನ್ನನ್ನು ನಮ್ಮ ಕೈಗೆ ಕೊಡುತ್ತಿದ್ದರು. "ಬೇಡ ಅನ್ಸಿದ್ದನ್ನ ಹೊಡೆದು ಹಾಕಿ. ಯಾಕೆ ಅಂತ ನಾನು ಕೇಳಲ್ಲ," ಅನ್ನುತ್ತಿದ್ದರು. ಕೇಳುತ್ತಲೂ ಇರಲಿಲ್ಲ.

ರಾಜಾಜಿನಗರದ ನಮ್ಮ ವಠಾರದಲ್ಲಿ ಒಂಬತ್ತು ಮನೆ, ಒಂದು ನಲ್ಲಿ. ಮೂಲೆಮನೆಯಲ್ಲಿ ಗಿರಿಜಕ್ಕ ತಾಯಿಯ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಹತ್ತಿರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟು. ಎತ್ತರದ ಆಳು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ಕಿವಿ ಮಾತ್ರ ಎಂಥ ಕಿವಿ! ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ನಾವು ಜಗಳವಾಡಿಕೊಂಡದ್ದು, ಬಾಯಿ ತಪ್ಪಿ ಆಡಿದ್ದು, ಆಡದೆ ನುಂಗಿಕೊಂಡದ್ದು ಎಲ್ಲವೂ ಅವರಿಗೆ ಕೇಳಿಸುತ್ತಿತ್ತು. ಕಾರ್ಖಾನೆಯ ರಾಜ್ಯೋತ್ಸವಕ್ಕೆ ಅವರು ಬರೆದ ಒಂದು ನಾಟಕವನ್ನು ಟೀವಿ ಕೇಂದ್ರದ ಅಧಿಕಾರಿಯೊಬ್ಬರು ನೋಡಿ, ಪಟ್ಟಣದ ಬದುಕಿನ ಮೇಲೆ ಹದಿಮೂರು ಕಂತಿನ ಧಾರಾವಾಹಿ ಬರೆಯಿರಿ ಎಂದರು. ಅದೇ 'ಒಂಬತ್ತನೇ ಅಡ್ಡರಸ್ತೆ'. ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ.

ಏಳು ವಾರ ಬಂದು ನಿಂತುಹೋಯಿತು. ಎಂಟನೆಯದು ನನ್ನ ಕಥೆ. ನಿಂತದ್ದೂ ನನ್ನಿಂದಲೇ. ನಲವತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದೆ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಬಂದ ಆ ಏಳರಲ್ಲಿ ಹೂವು ಮಾರುವ ಪುಟ್ಟಮ್ಮನದೂ ಒಂದು. ಆಕೆಗೆ ಓದು ಬರಹ ಬಾರದು. ಗಿರಿಜಕ್ಕ ಎರಡು ಸಲ ಓದಿ ಹೇಳಿದರು. ಪುಟ್ಟಮ್ಮ ಮಾಲೆ ಕಟ್ಟುತ್ತಲೇ ಕೇಳಿಸಿಕೊಂಡು, "ಗಂಡ ಕುಡೀತಾನೆ ಅಂತ ಇರ್ಲಿ ಬಿಡವ್ವ, ಊರಿಗೇ ಗೊತ್ತು. ಮಗಳು ಇಸ್ಕೂಲು ಬಿಟ್ಟು ಮನೆಕೆಲ್ಸಕ್ಕೆ ಹೋದ್ಲು ಅನ್ನೋದೊಂದು ಬ್ಯಾಡ. ಅವ್ಳು ನೊಂದ್ಕೊಂತಾಳೆ," ಅಂದಳು. ಗಿರಿಜಕ್ಕ ಕೆಂಪು ಪೆನ್ನನ್ನು ಅವಳ ಬೆರಳಿಗೆ ಹಿಡಿಸಿ, ಆ ಸಾಲು ಎಲ್ಲಿದೆ ಎಂದು ತೋರಿಸಿದರು. ಪುಟ್ಟಮ್ಮ ನಾಲಿಗೆ ಕಚ್ಚಿಕೊಂಡು ಗೆರೆ ಎಳೆದಳು. ಮಾರನೆಯ ದಿನ ಮೂಲೆಮನೆಗೆ ಬಂದ ಧಾರಾವಾಹಿಯ ನಿರ್ದೇಶಕರು ಅದನ್ನು ಓದಿ ಹಣೆ ಚಚ್ಚಿಕೊಂಡರು. "ಮೇಡಂ, ಆ ಸಾಲೇ ಇದರ ಜೀವ!" ಗಿರಿಜಕ್ಕ, "ಜೀವ ಅವರದು ಸಾರ್," ಎಂದು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡರು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಇಂಥವರೂ ಇರುತ್ತಾರಲ್ಲ ಎಂದು ಬೆರಗಾಗಿ ಅವರ ಮುಖವನ್ನೇ ನೋಡಿದೆ.

ನಾನು ಆಗ ಗಂಡನ ಮನೆ ಬಿಟ್ಟು ಬಂದು ಎಂಟು ತಿಂಗಳಾಗಿತ್ತು. ಹೊಡೆತ ತಿಂದು ಬಂದವಳು. ವಠಾರದಲ್ಲಿ ಗುಸುಗುಸು ಇತ್ತೇ ಹೊರತು ಬಾಯಿಬಿಟ್ಟು ಯಾರೂ ಕೇಳಿರಲಿಲ್ಲ. ಅಮ್ಮ ಮಾತ್ರ ಬಂದವರಿಗೆಲ್ಲ "ಅಳಿಯಂದ್ರು ಬಾಂಬೆಗೆ ಡ್ಯೂಟಿ ಮೇಲೆ ಹೋಗಿದ್ದಾರೆ" ಎನ್ನುತ್ತಿದ್ದಳು. ಗಿರಿಜಕ್ಕನ ಹತ್ತಿರ ಮಾತ್ರ ನಾನು ಎಲ್ಲ ಹೇಳಿದ್ದೆ. ಅವರು ಬರೆದು ತಂದು ಓದಿದರು. ಹೆಸರು ಬೇರೆ, ಊರು ಬೇರೆ, ನೋವು ಮಾತ್ರ ನನ್ನದೇ. ಕೆಂಪು ಪೆನ್ನು ಕೈಯಲ್ಲಿ ಹಿಡಿದಿದ್ದೆ, ಒಂದು ಅಕ್ಷರವನ್ನೂ ಹೊಡೆಯಲಿಲ್ಲ. ನಾನೇ ಅಂತ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ.

ಈಗಿನ ಧಾರಾವಾಹಿಗಳಲ್ಲಿ ಅತ್ತೆ ಮಲಗುವಾಗಲೂ ರೇಷ್ಮೆ ಸೀರೆ ಉಟ್ಟಿರುತ್ತಾಳೆ. ನಮ್ಮ ಧಾರಾವಾಹಿಗೆ ಅಷ್ಟೆಲ್ಲ ಗತಿಯಿರಲಿಲ್ಲ. ನಟಿಯರಿಗೆ ಸೀರೆ ಒದಗಿಸಿದವರು ವಠಾರದ ಹೆಂಗಸರು. ನಾನಂತೂ ಹೆಮ್ಮೆಯಿಂದ ನನ್ನ ಮದುವೆಯ ಗಿಳಿಹಸಿರು ರೇಷ್ಮೆ, ಕೆಂಪಂಚಿನದು, ತೆಗೆದುಕೊಟ್ಟೆ. ನನ್ನ ಪಾತ್ರದ ಹುಡುಗಿ ಅದನ್ನು ಉಟ್ಟುಕೊಂಡೇ ಹೊಡೆತ ತಿಂದು, ಅದೇ ಸೀರೆಯಲ್ಲಿ ತವರಿನ ಬಾಗಿಲು ತಟ್ಟಿದಳು. ಶೂಟಿಂಗ್ ಮುಗಿದ ಮೇಲೆ ಸೀರೆ ನೀಟಾಗಿ ಇಸ್ತ್ರಿಯಾಗಿ ಮನೆಗೆ ಬಂತು.

ಆ ಕಂತು ಬರಲು ಇನ್ನು ನಾಲ್ಕು ದಿನ ಇದೆ ಎನ್ನುವಾಗ ನನ್ನ ತಂಗಿ ಮಂಜುಳನನ್ನು ನೋಡಲು ಬಾಪೂಜಿನಗರದಿಂದ ಗಂಡಿನ ಕಡೆಯವರು ಬಂದರು. ನನ್ನ ಬಳಿಯಿದ್ದ ಒಂದೇ ಒಳ್ಳೆಯ ಸೀರೆ, ಆ ಗಿಳಿಹಸಿರನ್ನೇ, ಉಟ್ಟು ನಾನು ಕೇಸರಿಬಾತು ತಂದಿಟ್ಟೆ. ಹುಡುಗನ ತಾಯಿ ನನ್ನ ಸೆರಗು ಹಿಡಿದು ಅಂಚು ನೋಡಿ, "ಎಷ್ಟು ಚೆನ್ನಾಗಿದೆಯಮ್ಮ! ಯಜಮಾನರು ಎಲ್ಲಿದ್ದಾರೆ?" ಎಂದರು. "ಬಾಂಬೇಲಿ," ಅಂದೆ. ಮಾತುಕತೆ ಸಲೀಸಾಗಿ ಮುಗಿದು, ಹುಡುಗ ಒಪ್ಪಿಯೂ ಆಯಿತು. ಹೊರಡುವಾಗ ಆಕೆ ಚಪ್ಪಲಿ ಮೆಟ್ಟುತ್ತ, "ನಿಮ್ಮ ವಠಾರದವರದ್ದೇ ಅಂತೆ ಅಲ್ವಾ ಆ ಧಾರಾವಾಹಿ? ಮೊನ್ನೆ ತಾನೇ ಕಲರ್ ಟೀವಿ ತಂದ್ವಿ. ಈ ಭಾನುವಾರ ನೆಂಟರಿಷ್ಟರೆಲ್ಲ ಕೂತು ನೋಡ್ತೀವಿ," ಎಂದರು.

ಅವರು ಬೀದಿ ತಿರುಗಿದ್ದೇ ತಡ, ಅಮ್ಮ ನನ್ನ ಸೆರಗು ಹಿಡಿದುಕೊಂಡು ಬಾಗಿಲಲ್ಲೇ ಕುಸಿದು ಕೂತಳು. "ಈ ಸೀರೇನೇ ಅಲ್ವೇನೇ ಶೂಟಿಂಗಿಗೆ ಕೊಟ್ಟಿದ್ದು? ಟೀವೀಲಿ ಅಂಚು ನೋಡಿದ ತಕ್ಷಣ ಗುರುತು ಹಿಡೀತಾರೆ. ಮುಗೀತು. ಮಂಜುಳನ್ನ ಇನ್ನು ಯಾರು ಮಾಡ್ಕೋತಾರೆ?" ಮಂಜುಳಾ ಲೋಟ ತೊಳೆಯಲು ನಲ್ಲಿಗೆ ಹೋಗಿದ್ದಳು, ಅವಳಿಗೆ ಇದು ಕೇಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಮೂಲೆಮನೆಗೆ ಹೋದಾಗ ಗಿರಿಜಕ್ಕ ತಾಯಿಗೆ ತಲೆ ಬಾಚುತ್ತಿದ್ದರು. "ಅಕ್ಕ, ಬೇಡ," ಅಂದೆ. ಅಷ್ಟೇ ನನಗೆ ಹೇಳಲಾದದ್ದು. ಅವರು ಜಡೆ ಹೆಣೆದು ಮುಗಿಸಿ, ಬಾಚಣಿಗೆ ತೊಳೆದಿಟ್ಟು, "ಸೀರೆ ಬದಲಾಯಿಸ್ಕೊಂಡು ಬರ್ತೀನಿ, ಟೀವಿ ಕೇಂದ್ರಕ್ಕೆ ನೀನೂ ಬಾ. ನಾನು ಏನು ಹೇಳ್ದೆ ಅಂತ ನಿನ್ನ ಕಿವಿಯಾರೆ ಕೇಳ್ಕೋ. ಇಲ್ದಿದ್ರೆ ಭಾನುವಾರದವರೆಗೂ ನೀನು ನಿದ್ದೆ ಮಾಡಲ್ಲ," ಎಂದರು.

ಟೀವಿ ಕೇಂದ್ರದ ಅಧಿಕಾರಿ ಒಳ್ಳೆಯವರೇ. ಮತ್ತೆ ಚಿತ್ರೀಕರಿಸಲು ಸ್ಟುಡಿಯೋ ಖಾಲಿಯಿಲ್ಲ ಎಂದರು. ಕಾರಣ ಕೇಳಿದರು.

"ಬರವಣಿಗೆ ಚೆನ್ನಾಗಿಲ್ಲ ಸಾರ್," ಅಂದರು ಗಿರಿಜಕ್ಕ.

"ಏನ್ರೀ ಹೀಗಂತೀರಿ! ನಾನು ನೋಡಿದೀನಿ. ಇಲ್ಲಿವರೆಗೂ ಬಂದಿದ್ರಲ್ಲಿ ಇದೇ ಮೇಲು."

"ಬರೆದವಳು ನಾನು ಸಾರ್, ನನಗೆ ಗೊತ್ತು. ದಯವಿಟ್ಟು ಹಾಕಬೇಡಿ."

"ಈ ವಾರ ಖಾಲಿ ಬಿಟ್ರೆ ಆ ಅರ್ಧ ಗಂಟೆ ಬೇರೆಯವರಿಗೆ ಹೋಗತ್ತೆ, ಮುಂದಿನ ಐದೂ ಹೋಗತ್ತೆ. ಆಮೇಲೆ ನಿಮ್ಮನ್ನ ಮತ್ತೆ ಕರೆಯೋದೂ ಕಷ್ಟ. ಯೋಚನೆ ಮಾಡಿ."

"ಮಾಡಿದೀನಿ ಸಾರ್."

ಅವರು ಮುಂದೆ ಇಟ್ಟ ಕಾಗದದ ಮೇಲೆ ಗಿರಿಜಕ್ಕ ತಮ್ಮ ದುಂಡಗಿನ ಅಕ್ಷರದಲ್ಲಿ, ನನ್ನ ಬರವಣಿಗೆಯ ದೋಷದಿಂದ ಈ ಕಂತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಬರೆದು ಸಹಿ ಮಾಡಿದರು. ಸತ್ಯ ಗೊತ್ತಿದ್ದವಳು ನಾನು, ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಬಳಿ ಸಮಜಾಯಿಷಿಯಿಲ್ಲ. ಬಸ್ಸಿಳಿದ ಮೇಲೆ ಅವರು ತರಕಾರಿ ಗಾಡಿಯ ಮುಂದೆ ನಿಂತು ಅವರೆಕಾಯಿಯ ಸೊಗಡು ಮೂಸಿ ನೋಡಿದರು. "ತಗೋ, ಹಿಸುಕಿದ ಬೇಳೆ ಸಾರು ಮಾಡು, ಅಮ್ಮನ ಮನಸ್ಸು ಸರಿಹೋಗತ್ತೆ," ಎಂದು ನನ್ನ ಚೀಲಕ್ಕೂ ಹಾಕಿಸಿದರು.

ಮಂಜುಳನ ಮದುವೆ ವೈಶಾಖದಲ್ಲಿ ನಡೆಯಿತು. ನನ್ನ ವಿಷಯ ಬೀಗರಿಗೆ ಎರಡು ಮೂರು ವರ್ಷ ಬಿಟ್ಟು ತಾನಾಗಿ ತಿಳಿಯಿತು; ಅಷ್ಟು ಹೊತ್ತಿಗೆ ಮಂಜುಳಾ ಅವರ ಮನೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಯಾರೂ ಏನೂ ಅನ್ನಲಿಲ್ಲ. ಆದರೆ ನಲ್ಲಿಯ ಮುಂದೆ, ಕಾರ್ಖಾನೆಯಲ್ಲಿ, ಹಾಲಿನ ಅಂಗಡಿಯಲ್ಲಿ ಗಿರಿಜಕ್ಕನನ್ನು ವರ್ಷಗಟ್ಟಲೆ ಕಿಚಾಯಿಸಿದರು. "ಏನ್ ಗಿರಿಜಮ್ಮ, ಏಳಕ್ಕೇ ಸರಕು ಮುಗೀತಾ?" "ಮುಗೀತು ಕಣ್ರೀ," ಎಂದು ಕೊಡ ಎತ್ತಿ ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದರು. ನನಗೆ ಟೈಪಿಂಗ್ ಕಲಿಸಿದ್ದೂ ಅವರೇ, ಅವರ ಆಫೀಸಿನಲ್ಲೇ ಕೆಲಸ ಕೊಡಿಸಿದ್ದೂ ಅವರೇ. ಅವರು ಮಾತ್ರ ಮತ್ತೆ ಟೀವಿಗೆ ಬರೆಯಲಿಲ್ಲ. ಯಾರೂ ಕರೆಯಲಿಲ್ಲ.

ವಠಾರ ಈಗ ಅಪಾರ್ಟ್‌ಮೆಂಟ್ ಆಗಿದೆ. ಗಿರಿಜಕ್ಕ ಕೊನೆಕೊನೆಗೆ ಅನ್ನಪೂರ್ಣೇಶ್ವರಿ ನಗರದಲ್ಲಿ ಅಣ್ಣನ ಮಗನ ಮನೆಯಲ್ಲಿದ್ದರು. ಹೋದ ಶ್ರಾವಣದಲ್ಲಿ ನೋಡಲು ಹೋಗಿದ್ದೆ. ಅದೇ ಕೊನೆಯ ಭೇಟಿ. "ಅಕ್ಕ, ಅಮ್ಮನೂ ಇಲ್ಲ, ಮಂಜುಳನ ಅತ್ತೆಯೂ ಇಲ್ಲ. ಈಗ ಆ ಕಂತನ್ನ ಯಾರಿಗೆ ತೋರಿಸಿದ್ರೂ ನನಗೆ ಪರವಾಗಿಲ್ಲ," ಎಂದೆ.

"ತೋರ್ಸೋಕೆ ಏನಿದೆ? ಆಗ ಟೇಪು ಅಂದ್ರೆ ಚಿನ್ನ. ನಮ್ಮದರ ಮೇಲೆ ಇನ್ನೇನೋ ರೆಕಾರ್ಡ್ ಮಾಡಿಬಿಟ್ರು. ಆ ಏಳೂ ಇಲ್ಲ."

"ನಿಮಗೆ ಬೇಜಾರಾಗ್ಲಿಲ್ವಾ?"

"ಆಗ್ದೆ ಇರತ್ತಾ? ತುಂಬಾ ಆಯ್ತು. ಒಂದು ವಾರ ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಗೊತ್ತಿರ್ಲಿಲ್ಲ. ಆದ್ರೆ ಶಾರದಾ, ಬೇಡ ಅನ್ನೋ ಹಕ್ಕು ಕೊಟ್ಟವಳು ನಾನು. ಕೊಟ್ಟು, ಈಗ ಟೈಮ್ ಆಯ್ತು ಹೋಗೇ ಅಂತ ವಾಪಸ್ ಕಿತ್ಕೊಳ್ಳೋಕಾಗತ್ತಾ?"

ಆಮೇಲೆ ನಾನು ಕೇಳದೆಯೇ, ಕಣ್ಣು ಮುಚ್ಚಿ, ಬಾಗಿಲು ತಟ್ಟುವ ಆ ದೃಶ್ಯವನ್ನು ಮೊದಲಿನಿಂದ ಹೇಳತೊಡಗಿದರು. ಒಂದು ಮಾತೂ ತಪ್ಪಲಿಲ್ಲ. ತಾಯಿ ಬಾಗಿಲು ತೆಗೆದು "ಒಬ್ಬಳೇ ಬಂದ್ಯಾ?" ಅನ್ನುವುದು, ಹುಡುಗಿ "ಊಟ ಇದ್ಯಾ ಅಮ್ಮ?" ಅನ್ನುವುದು. ಅದು ನಾನು ಆಡಿದ ಮಾತು. ನನಗೇ ಮರೆತುಹೋಗಿತ್ತು. ಎಲ್ಲಿಯೂ ಉಳಿಯದ ಆ ಕಂತನ್ನು ಆಕೆ ಇಷ್ಟು ವರ್ಷ ನನ್ನ ಪರವಾಗಿ ನೆನಪಿಟ್ಟುಕೊಂಡಿದ್ದರು. ಅಂಥವರ ಎದುರು ಕೂರಲು ನನಗೆ ಯೋಗ್ಯತೆಯಿದೆಯೇ ಅನ್ನಿಸಿತು.

ಕಾರ್ತಿಕದಲ್ಲಿ ಸುದ್ದಿ ಬಂತು. ಕೆಂಗೇರಿಯಿಂದ ಮಂಜುಳಾ, ಅವಳ ಗಂಡ ಬಂದು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಗಿರಿಜಕ್ಕನನ್ನು ಹಜಾರದಲ್ಲಿ ಮಲಗಿಸಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ಗೇಟಿನ ಹೊರಗೆ ಬಂದುಬಿಟ್ಟೆ. ಮಂಜುಳಾ ಹಿಂದೆಯೇ ಬಂದು ಬೆನ್ನು ಸವರುತ್ತ, "ಇಷ್ಟೊಂದು ಯಾಕೆ ಅಳ್ತೀಯಾ ಅಕ್ಕ? ಪಕ್ಕದ ಮನೆಯವರು, ನಿನಗೆ ಕೆಲ್ಸ ಕೊಡಿಸಿದ್ರು, ಸರಿ. ಅವರು ನಮಗೇನಾಗ್ಬೇಕು?" ಅಂದಳು.

"ನಿನ್ನ ಮದುವೆ ಮಾಡಿಸಿದವರು ಕಣೇ," ಅಂದೆ. ಸೀರೆ, ಕಲರ್ ಟೀವಿ, ಆ ಸಹಿ, ಎಲ್ಲವನ್ನೂ ನಿಂತಲ್ಲೇ ಹೇಳಿದೆ.

ಮಂಜುಳಾ ಸೆರಗಿನಿಂದ ಮುಖ ಒರೆಸಿಕೊಂಡು, ಕಾರಿನ ಪಕ್ಕ ಫೋನ್ ನೋಡುತ್ತ ನಿಂತಿದ್ದ ಗಂಡನ ಹತ್ತಿರ ಹೋಗಿ ಕೈ ಹಿಡಿದಳು. "ಬನ್ರೀ, ಅವರ ಕಾಲಿಗೆ ನಮಸ್ಕಾರ ಮಾಡೋಣ. ಕಥೆ ಮನೆಗೆ ಹೋಗಿ ಹೇಳ್ತೀನಿ." ಅವರು ಏನೂ ತಿಳಿಯದೆ ನನ್ನ ಮುಖ ನೋಡಿದರು. ಹೋಗಿ ಎಂದು ತಲೆಯಾಡಿಸಿದೆ. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದರು.