ಚಿಕ್ಕಗೌರಮ್ಮನ ಇದ್ದಿಲ ಮಡಕೆ

ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲೂ ಚಿಕ್ಕಗೌರಮ್ಮನವರು ಹೂಡಿಕೊಟ್ಟ ಮಡಕೆಗಳಿದ್ದವು. ಊರಿನ ಆಶಾ ಕಾರ್ಯಕರ್ತೆಯಾದ ನನ್ನ ಮನೆಯಲ್ಲೂ ಇತ್ತು. ಒಂದರ ಮೇಲೊಂದು ಎರಡು ಮಡಕೆ. ಮೇಲಿನದರ ತಳಕ್ಕೊಂದು ಸಣ್ಣ ತೂತು, ಅದರ ಮೇಲೆ ತೆಂಗಿನ ನಾರು, ತೊಳೆದ ಮರಳು, ಕುಟ್ಟಿದ ಚಿಪ್ಪಿನ ಇದ್ದಿಲು. ಕೊಳವೆಬಾವಿ ಕೈಕೊಟ್ಟ ಮೇಲೆ ನಮಗೆ ಕೆರೆಯಂಚಿನ ತೆರೆದ ಬಾವಿಯೇ ಗತಿ. ಅದರ ಕೆಂಪು ನೀರು ಈ ಮಡಕೆಯಿಂದ ತಿಳಿಯಾಗಿ ತೊಟ್ಟಿಕ್ಕುತ್ತಿತ್ತು, ವಾಸನೆಯೂ ಇರುತ್ತಿರಲಿಲ್ಲ.

ಚಿಕ್ಕಗೌರಮ್ಮನವರು ಮಾಯಸಂದ್ರದ ಹತ್ತಿರದ ನಮ್ಮೂರಿಗೆ ಹದಿನೇಳಕ್ಕೇ ಸೊಸೆಯಾಗಿ ಬಂದವರು. ಓದಿದ್ದು ಮೂರನೇ ಕ್ಲಾಸು, ಬಾಯಿ ಮಾತ್ರ ತಹಸೀಲ್ದಾರರದು. ಇದ್ದಿಲು ಅರೆಬರೆ ಸುಟ್ಟವರನ್ನು ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಮಡಕೆ ಬೇಕೆಂದು ಬಂದವರಿಗೆ ಮಾತ್ರ ಒಮ್ಮೆಯೂ ಇಲ್ಲ ಎಂದವರಲ್ಲ.

ಇದ್ದಿಲು ಬದಲಿಸುತ್ತಿದ್ದುದು ವರ್ಷಕ್ಕೊಮ್ಮೆ. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ವರ್ಷವಿಡೀ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ಇಳಿಸಿ, ಸುಲಿದು, ಒಡೆದಾಗಲೇ ಇದ್ದಿಲಿಗೆ ಚಿಪ್ಪು. ವರ್ಷವಿಡೀ ಕೊಬ್ಬರಿಯನ್ನು ಕೆಡದಂತೆ ಕಾಪಾಡಿದ ಚಿಪ್ಪು ಮಡಕೆಯಲ್ಲೂ ಒಂದು ವರ್ಷ ಬಾಳುತ್ತದೆ ಎಂಬುದು ಅವರ ಲೆಕ್ಕ. ತೆಂಗಿನ ಸೀಮೆಯವರಿಗಲ್ಲದೆ ಬೇರೆ ಯಾರಿಗೂ ಇಂಥ ಲೆಕ್ಕ ಹೊಳೆಯುವುದಿಲ್ಲ. ನಾವೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದೆವು.

ಈ ಸಲ ಮೊದಲ ಮಳೆ ಬಿದ್ದ ಮೇಲೆ ಅವರ ಯಜಮಾನರು ಶಂಭುಲಿಂಗಯ್ಯನವರಿಗೆ ಕಾಮಾಲೆಯಾಯಿತು. ಮೊದಲು ತುರುವೇಕೆರೆ, ಅಲ್ಲಿಂದ ತುಮಕೂರು. ಹದಿನಾರನೇ ದಿನ ತೀರಿಕೊಂಡರು. ನೀರಿನಿಂದ ಬಂದದ್ದು ಎಂದರು ಡಾಕ್ಟರು. ಚಿಕ್ಕಗೌರಮ್ಮ ಡಾಕ್ಟರಿಗೆ ಮಡಕೆಯ ವಿಷಯ ಹೇಳಿದರಂತೆ. ಹಳೇ ಇದ್ದಿಲಿನಲ್ಲಿ ಕ್ರಿಮಿ ಬೆಳೆಯುತ್ತವೆ, ಹೊಸದು ಹಾಕಿದರೂ ಎಲ್ಲವೂ ಹೋಗುವುದಿಲ್ಲ, ನೀರನ್ನು ಕುದಿಸಲೇಬೇಕು ಎಂದು ಡಾಕ್ಟರು ತಿಳಿಸಿದರಂತೆ.

ಚಿಕ್ಕಗೌರಮ್ಮ ಅಳಲಿಲ್ಲ. ಯಜಮಾನರ ಶಿವಗಣಾರಾಧನೆಯ ಊಟದ ದಿನ ಪಂಕ್ತಿಯಲ್ಲಿ ಓಡಾಡಿ, ಪಾಯಸ ಸಾಕಾ ಎಂದು ಎಲ್ಲರನ್ನೂ ಕೇಳಿದರು. ಬೈಯುವ ಬಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಮಂಕರಿ ಹಿಡಿದು ಬೀದಿಯ ಮೊದಲ ಮನೆಯಿಂದ ಶುರು ಮಾಡಿದರು. ಮಡಕೆ ಇಳಿಸುವುದು, ಇದ್ದಿಲು ಸುರಿದುಕೊಳ್ಳುವುದು, ಪ್ರತಿ ಮನೆಯಲ್ಲೂ ಅದೇ ದನಿಯಲ್ಲಿ ಅದೇ ಮಾತು.

"ನಮ್ಮೆಜಮಾನ್ರು ಹೋಗಿದ್ದು ಈ ನೀರಿಂದ ಕಣ್ರವ್ವ. ನಾನ್ ಯೋಳ್ಕೊಟ್ಟಿದ್ದು ತಪ್ಪು. ಇನ್ಮೇಲೆ ಕುದ್ಸಿ ಕುಡೀರಿ."

ಯಾರಾದರೂ ಬೈಯಲಿ ಎಂಬಂತೆ ಒಂದು ಗಳಿಗೆ ನಿಲ್ಲುತ್ತಿದ್ದರು. ಯಾರೂ ಬೈಯಲಿಲ್ಲ.

ನಮ್ಮದು ಏಳನೇ ಮನೆ. ಅವರು ಇದ್ದಿಲು ಸುರಿದುಕೊಳ್ಳುವವರೆಗೂ ನಾನು ಬಾಗಿಲಿಗೆ ಆತು ನಿಂತಿದ್ದೆ.

"ನಿಮ್ಮನೇಲಿ ಮಕ್ಳಿಗೇನೂ ಆಗಿಲ್ಲ ತಾನೆ, ಸೌಮ್ಯ?"

"ಇಲ್ಲ ದೊಡ್ಡಮ್ಮ. ನಾವು ಸೋಸಿದ್ ಮೇಲೂ ಕುದ್ಸೇ ಕುಡಿಯೋದು."

"ಯಾವಾಗ್ನಿಂದ?"

ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ.

"ಎರಡು ವರ್ಷ ಆಯ್ತು. ಟ್ರೈನಿಂಗ್‌ನಲ್ಲಿ ಹೇಳಿದ್ರು."

ದೊಡ್ಡವರಿಗೆ ಬುದ್ಧಿ ಹೇಳಲು ಹೋಗಿ ಅವರ ಬಾಯಿಗೆ ಯಾಕೆ ಬೀಳಬೇಕು ಎಂದು ಸುಮ್ಮನಿದ್ದೆ. ಊರಿನ ಬಾಣಂತಿಯರಿಗೆಲ್ಲ ಕುದಿಸಿ ಕುಡಿಯಿರಿ ಎಂದು ಸಾರುವ ನಾನು ಎರಡು ಮನೆ ಆಚೆಗಿದ್ದ ಇವರಿಗೆ ಆ ಮಾತನ್ನು ಮುಟ್ಟಿಸಲಿಲ್ಲ. ನಾಚಿಕೆಯಾಗುತ್ತದೆ.

ಅವರು ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ನಂಗೂ ಒಂದ್ ಮಾತು ಯೋಳ್ಬೋದಾಗಿತ್ತು ಕಣವ್ವ," ಎಂದರು. ಮಂಕರಿ ಎತ್ತಿ ಸೊಂಟಕ್ಕಿಟ್ಟುಕೊಂಡು ಎಂಟನೇ ಮನೆಗೆ ಹೋದರು.