ಹಾಡಿನೊಳಗಿನ ಅಣ್ಣ

ಅತ್ತೆಯ ಬಲ ಅಂಗೈಯಲ್ಲಿ ಹುಣಸೆ ಬೀಜದಷ್ಟು ದಪ್ಪ ಜಡ್ಡು ಇತ್ತು. ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಬಂದದ್ದು. ಅಬ್ಬಿಗೇರಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಕೋಳಿ ಕೂಗುವ ಮೊದಲೇ ಆಚೆ ಕಲ್ಲು ತಿರುಗುತ್ತಿತ್ತು. ಈಚೆ ಅಪ್ಪ ಕೆಮ್ಮುತ್ತ ಏಳುತ್ತಿದ್ದ. ಅವಳು ಹಾಡುವ ಪದಗಳೆಲ್ಲ ಅವಳೇ ಕಟ್ಟಿದವು.

ಜ್ವಾಳದ ತೆನಿಮ್ಯಾಲ ಬಿಳಿರುಮಾಲ ಕಂಡೀತ,
ಅಣ್ಣ ಬರತಾನ ಕರಿಯಾಕ, ಬೀಸುಕಲ್ಲ,
ಒಂದಿಷ್ಟ ತಡಿಯ, ಬರತೇನ.

ಆದರೆ ಅವಳಿಗೆ ಅಣ್ಣನೇ ಇರಲಿಲ್ಲ. ಹೊಳೆಆಲೂರಿನಲ್ಲಿ ಹೊಳೆ ಏರಿ ಮನೆಮಂದಿಯೆಲ್ಲ ಕೊಚ್ಚಿಹೋದಾಗ ಉಳಿದ ಕೂಸು ಅವಳು. ಆಗಿನ್ನೂ ಅವಳು ನಮಗೆ ಬರೀ ಮಗ್ಗಲ ಮನೆಯಾಕೆ.

"ಇಲ್ಲದ ಅಣ್ಣನ್ನ ಯಾಕ ಹಾಡ್ತೀಬೇ?" ಎಂದು ಕೇಳಿದ್ದೆ.

"ಇದ್ದಾಂವ ತಾನ ಬರ್ತಾನಪಾ. ಇಲ್ಲದಾಂವನ್ನ ಹಾಡಿ ಕರೀಬೇಕು."

ಆನಂದ ಸಂವತ್ಸರದ ವೈಶಾಖದಲ್ಲಿ ಅವಳ ಮಗಳ ಮದುವೆ. ಮದುಮಗಳನ್ನು ಹಸೆಮಣೆಗೆ ಸೋದರಮಾವನೇ ಕರೆತರಬೇಕು. ಬಾಗಿಲಲ್ಲಿ ಹುಡುಗಿ ನಿಂತೇ ಇದ್ದಳು. ಜಕ್ಕಲಿಯ ಬೀಗರಲ್ಲಿ ಒಬ್ಬ ಮುದುಕಿ, "ಹಾಡಿನ್ಯಾಗ ಅಣ್ಣ ಭಾಳ ಬರ್ತಾನಂತ. ಮದಿವಿಗೆ ಎಲ್ಲಿ ತಂಗೀ? ಮಾವ ಇಲ್ಲದ ಹೆಣ್ಣ ನಮಗ್ಯಾಕ? ಏಳ್ರಿ, ಬಂಡಿ ಹೂಡ್ರಿ" ಎಂದಳು. ಹಿರಿಯರು ಎದ್ದೇಬಿಟ್ಟರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಪ್ಪ ಸರಸರನೆ ಮನೆಗೆ ಹೋಗಿ ಬಿಳಿ ರುಮಾಲು ಸುತ್ತಿಕೊಂಡು ಬಂದ.

"ಸಿಟ್ಟಾಗಬ್ಯಾಡ್ರಿ. ಅಣ್ಣ ಇಲ್ಲೇ ಅದೀನಿ. ರುಮಾಲ ಸಿಗಲಿಲ್ಲ, ತಡಾತು."

ಮಂದಿ ನಕ್ಕರು. ಬೀಗರೂ ಕೂತರು. ಅಪ್ಪ ಹುಡುಗಿಯ ಕೈಹಿಡಿದು ಕರೆತಂದ. ಅಂದಿನಿಂದ ಅವಳು ನನಗೆ ಅತ್ತೆ. ಅಣ್ಣನನ್ನು ಕರೆಯುವ ಪದ ಮಾತ್ರ ಮತ್ತೆ ಕೇಳಲಿಲ್ಲ. ಯಾಕೆಂದು ಕೇಳಿದರೆ, "ಬಂದು ಮಗ್ಗಲ ಮನ್ಯಾಗ ಕುಂತಾನಲ್ಲ, ಇನ್ನ್ಯಾರನ್ನ ಕರೀಲಿ?" ಎಂದಳು.

ನಳ ಸಂವತ್ಸರದ ಭಾದ್ರಪದದಲ್ಲಿ ಅಪ್ಪ ಜ್ವರದಿಂದ ತೀರಿಕೊಂಡ. ನನ್ನ ದಿನಚರಿಯಲ್ಲಿ ತಿಥಿ, ವಾರ ಬರೆದೆ. ಅಷ್ಟಕ್ಕೇ ಮುಚ್ಚಿಟ್ಟೆ. ಮಗ್ಗಲ ಮನೆಗೆ ಸೂತಕವಿಲ್ಲ. ಆದರೂ ನಮ್ಮಲ್ಲಿ ದಿನಕರ್ಮ ಮುಗಿಯುವ ತನಕ ಆಚೆಯ ಕಲ್ಲೂ ತಿರುಗಲಿಲ್ಲ. ಮರುದಿನ ನಸುಕಿನಲ್ಲಿ ಅದು ಮೆಲ್ಲಗೆ ಸದ್ದು ಮಾಡಿತು.

ಗ್ವಾಡಿಯ ಆಚ್ಯಾಕ ನನ್ನಣ್ಣ ಇರತಿದ್ದ,
ಕೆಮ್ಮೀದ್ರ ನನ ಮನಿಗೆ ಕೇಳತಿತ್ತ, ಬೀಸುಕಲ್ಲ,
ಮೆಲ್ಲಕ ತಿರುಗ, ಕೇಳೋಣ.

ಎದ್ದು ಕೂತೆ. ಕತ್ತಲಲ್ಲಿ ಅವ್ವನೂ ಎದ್ದು ಕೂತಿದ್ದಳು.

ಮುಂದಿನ ವರ್ಷ ಅತ್ತೆಯೂ ಹೋದಳು. ತವರಿನವರು ಹೊದಿಸಬೇಕಾದ ಕೊನೆಯ ಸೀರೆಯನ್ನು ಗಜೇಂದ್ರಗಡದ ಸಂತೆಯಿಂದ ನಾನೇ ತಂದು ಹೊದಿಸಿದೆ. ಅಪ್ಪನ ಕೆಮ್ಮು ಕೇಳಬೇಕೆನಿಸಿದಾಗ ಈಗಲೂ ಆ ಪದವನ್ನೇ ಗುನುಗಿಕೊಳ್ಳುತ್ತೇನೆ.