ಮರಳಿನ ಚೀಲದ ತೂಕ

ನಮ್ಮವರನ್ನು ಸರ್ಕಸ್ಸಿನಲ್ಲಿ ಎಲ್ಲರೂ ಗುಂಡಣ್ಣ ಎನ್ನುತ್ತಿದ್ದರು. ಫಿರಂಗಿಯ ಬಾಯಿಂದ ಗುಂಡಿನಂತೆ ಹಾರುತ್ತಿದ್ದರಲ್ಲ, ಅದಕ್ಕೆ. ಆಗ ಕಡ್ಡಿಯ ಹಾಗಿದ್ದರು. ವರ್ಷ ಕಳೆದಂತೆ ಹೆಸರು ಇನ್ನೊಂದು ಅರ್ಥದಲ್ಲೂ ನಿಜವಾಯಿತು. ಅವರ ಬೆಳ್ಳಿ ಬಣ್ಣದ ಉಡುಪು ಹೊಲಿಯುತ್ತಿದ್ದವಳು ನಾನೇ. ಸೊಂಟವನ್ನು ಎರಡು ಸಲ ಬಿಚ್ಚಿ ಹೊಲಿದೆ. ಮತ್ತೆ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

ಫಿರಂಗಿ ಎಂದರೆ ಮದ್ದುಗಿದ್ದು ಏನಿಲ್ಲ. ಹೊಗೆ, ಸದ್ದು ಎಲ್ಲ ಜನರ ಕಣ್ಣಿಗೆ ಮಣ್ಣೆರಚಲು. ಒಳಗಿರುವುದು ಒಂದು ದಪ್ಪ ಸ್ಪ್ರಿಂಗು. ಮದುವೆಯಾದ ಹೊಸತರಲ್ಲಿ ನಾನು ಹೆದರಿ ಅತ್ತಾಗ ಅವರು ನನ್ನ ದಾರದ ಉಂಡೆಯನ್ನು ಎಸೆದು ತೋರಿಸಿದ್ದರು.

"ನೋಡೇ, ಕೈ ಬಿಟ್ಟ ಮೇಲೆ ಇದನ್ನ ಯಾರೂ ತಳ್ಳಲ್ಲ. ಹೊರಟಾಗ ಎಷ್ಟು ವೇಗ ಇತ್ತೋ ಅಷ್ಟರಲ್ಲೇ ಮುಂದೆ ಹೋಗ್ತಿರುತ್ತೆ. ಅದೇ ಹೊತ್ತಿಗೆ ಭೂಮಿ ಕೆಳಗೆ ಎಳೀತಿರುತ್ತೆ. ಮುಂದೆ ಹೋಗೋದು, ಕೆಳಗೆ ಬೀಳೋದು ಅಣ್ಣತಮ್ಮ ಇದ್ದ ಹಾಗೆ. ಒಟ್ಟಿಗೇ ಇರ್ತಾರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರಲ್ಲ."

"ನೀವು ದಪ್ಪ ಆದ್ರೆ?"

"ಹೊರಗೆ ಬಂದ್ಮೇಲೆ ದಪ್ಪ, ಸಣ್ಣ ಎಲ್ಲ ಒಂದೇ. ಆದ್ರೆ ಸ್ಪ್ರಿಂಗ್ ಎಲ್ಲರನ್ನೂ ತಳ್ಳೋದು ಒಂದೇ ಬಲದಲ್ಲಿ ತಾನೇ? ಭಾರ ಇದ್ದೋನು ನಿಧಾನ ಹೊರಡ್ತಾನೆ. ನಿಧಾನ ಹೊರಟೋನು ಹತ್ತಿರದಲ್ಲೇ ಬೀಳ್ತಾನೆ."

ಅದಕ್ಕೇ ಮರಳಿನ ಚೀಲ. ಪ್ರತಿ ಸೋಮವಾರ ನಮ್ಮವರನ್ನು ತೂಗಿ, ಅಷ್ಟೇ ತೂಕದ ಚೀಲ ತುಂಬಿ ಹಾರಿಸುವುದು. ಚೀಲ ಬಿದ್ದ ಕಡೆ ಬಲೆ ಕಟ್ಟುವುದು. ತೂಗುವುದು, ತುಂಬುವುದು ನನ್ನ ಮೈದುನನ ಕೆಲಸ. ನಮ್ಮವರೇ ಎತ್ತಿ ಆಡಿಸಿ ಬೆಳೆಸಿದ ತಮ್ಮ, ಸಪೂರ ಆಳು.

ಒಂದು ದಿನ ಯಜಮಾನ ಎಲ್ಲರೆದುರಿಗೆ ಹೇಳಿಬಿಟ್ಟ. "ಗುಂಡಣ್ಣ, ನೀನು ಎಪ್ಪತ್ತು ಕಿಲೋ ದಾಟಿದ ದಿನ ಫಿರಂಗಿ ನಿನ್ನ ತಮ್ಮನಿಗೆ. ನೀನು ಹಗ್ಗ ಎಳೆಯೋಕೆ."

ನಮ್ಮವರು ಅಂದಿನಿಂದಲೇ ರಾತ್ರಿಯ ಊಟ ಬಿಟ್ಟರು. ಹೊಟ್ಟೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಆದರೂ ಸೋಮವಾರ ಬಂತೆಂದರೆ ಹಲ್ಲು ಬಿಟ್ಟುಕೊಂಡು ಬರುತ್ತಿದ್ದರು. "ಅರವತ್ತೆಂಟು ಕಣೇ!"

"ರೀ, ನನ್ನ ಟೇಪು ಬೇರೆ ಹೇಳ್ತಿದೆ."

"ನಿನ್ನ ಟೇಪಿಗೆ ವಯಸ್ಸಾಯ್ತು. ಬಾಯಿ ಮುಚ್ಕೊಂಡು ಹೊಲಿ."

ನನಗೆ ತಡೆಯಲಾಗಲಿಲ್ಲ. ಮೈದುನನನ್ನೇ ಹೋಗಿ ಕೇಳಿದೆ. "ತೂಕ ಸರಿಯಾಗಿ ನೋಡ್ತಿದ್ದೀಯೇನಪ್ಪಾ?"

"ಮುಳ್ಳು ಏನು ತೋರಿಸುತ್ತೋ ಅಷ್ಟೇ ಮರಳು ಹಾಕ್ತೀನಿ ಅತ್ತಿಗೆ. ಅಣ್ಣನ ಹೊಟ್ಟೆ ಮೇಲೆ ಹೊಡೆಯೋನಾ ನಾನು?"

ಎಂಥ ಬಂಗಾರದಂಥ ಹುಡುಗ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಆ ವಾರ ಚೀಲ ಬಿದ್ದ ಜಾಗವನ್ನೇ ನಡುಮಧ್ಯ ಮಾಡಿ ಬಲೆ ಕಟ್ಟಿದರು. ನಮ್ಮವರು ಈಚೆ ಅಂಚಿನ ಕಬ್ಬಿಣದ ಪೈಪಿನ ಮೇಲೆ ಬಿದ್ದರು. ಜನ ಅದೂ ಆಟವೇ ಎಂದು ಚಪ್ಪಾಳೆ ಹೊಡೆದರು. ಹಾಳಾದವರು, ಸ್ಟ್ರೆಚರ್ ಬರುವವರೆಗೂ ಹೊಡೆದರು.

ಆಸ್ಪತ್ರೆಯಲ್ಲಿ ಬಾಯಿ ಬಿಟ್ಟರು. "ತೂಗೋ ಯಂತ್ರದ ಹಿಂದೇನೇ ಡೇರೆ ಕಂಬ ಇದೆಯಲ್ಲ, ಬೆನ್ನ ಹಿಂದೆ ಕೈ ಕೊಟ್ಟು ಅದನ್ನ ಹಿಡ್ಕೊಂಡು ಒಂಚೂರು ಮೇಲೆ ಎತ್ಕೋತಿದ್ದೆ ಕಣೇ."

ಕೆನ್ನೆಗೆ ಬಾರಿಸಬೇಕೆನಿಸಿತು. ಬ್ಯಾಂಡೇಜು ಇಲ್ಲದ ಜಾಗವೇ ಇರಲಿಲ್ಲ.

"ತಮ್ಮನಿಗೆ ಹೇಳ್ಬೇಡ. ಪಾಪ, ಅವನಿಗೆ ಗೊತ್ತೇ ಆಗಿಲ್ಲ. ತಾನು ಸರಿಯಾಗಿ ನೋಡ್ಬೇಕಿತ್ತು ಅಂತ ಕೊರಗ್ತಾನೆ," ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ನಾನು ಯಾರಿಗೂ ತುಟಿ ಬಿಚ್ಚಲಿಲ್ಲ.

ನಾವು ಮರಳಿ ಬರುವಷ್ಟರಲ್ಲಿ ಮೈದುನ ಹಾರತೊಡಗಿದ್ದ. ಬೆಳ್ಳಿ ಉಡುಪಿನ ಸೊಂಟವನ್ನು ಅವನ ಅಳತೆಗೆ ಬಿಗಿ ಮಾಡಿಕೊಟ್ಟವಳೂ ನಾನೇ, ನನ್ನ ಕರ್ಮ. ನಮ್ಮವರ ಕಾಲುಗಳಲ್ಲಿ ಜೀವವಿರಲಿಲ್ಲ, ಮೈ ಒಣಗಿ ಹೋಗಿತ್ತು. ತಲೆಯಲ್ಲಿ ಮಾತ್ರ ಒಂದೇ ಹುಳ. ಊರುಗೋಲು ಊರುತ್ತಾ ಯಜಮಾನನ ಮುಂದೆ ಹೋಗಿ ನಿಂತರು. "ಈಗ ತೂಗಿ ನೋಡಿ ಸ್ವಾಮಿ. ಹಗುರ ಆಗಿದೀನಿ. ಫಿರಂಗಿಯೊಳಗೆ ನಿಲ್ಲೋದೇನೂ ಬೇಕಾಗಿಲ್ಲ, ಮಲಗಿದ್ರೆ ಸಾಕು."

"ತೂಗ್ರಪ್ಪಾ," ಎಂದು ಯಜಮಾನ ನಕ್ಕ. ಅಡುಗೆಯವನಿಂದ ಹಿಡಿದು ಎಲ್ಲರೂ ಸೇರಿದರು, ತಮಾಷೆ ನೋಡಲು. ಮೈದುನನೇ ಅಣ್ಣನನ್ನು ತಬ್ಬಿ ಯಂತ್ರದ ಮೇಲೆ ನಿಲ್ಲಿಸಿ, ಊರುಗೋಲು ಎರಡನ್ನೂ ತೆಗೆದುಕೊಂಡ. ನಮ್ಮವರು ಹಿಂದಿನ ಕಂಬವನ್ನು ಗಟ್ಟಿಯಾಗಿ ಹಿಡಿದರು. ಹಿಡಿಯದೆ ನಿಲ್ಲುವಂತಿರಲಿಲ್ಲ.

ಮೈದುನ ಬಗ್ಗಿ ಮುಳ್ಳು ನೋಡಿದ. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದ.

"ಅಣ್ಣಾ, ಈ ಸಲ ಕಂಬ ಬಿಡು."

ನಮ್ಮವರು ನನ್ನ ಕಡೆ ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಆಮೇಲೆ ತಮ್ಮನನ್ನು ನೋಡಿದರು, ತುಂಬ ಹೊತ್ತು ನೋಡಿದರು. ಅವನು ಕಣ್ಣು ತಪ್ಪಿಸಲೂ ಇಲ್ಲ.

ಕೈ ಬಿಟ್ಟರು. ಒಂದಿಂಚೂ ಮುಂದೆ ಹೋಗಲಿಲ್ಲ, ನೆಟ್ಟಗೆ ಕೆಳಗೆ ಕುಸಿದರು.

ನಾನು ಅವರ ತಲೆ ಎತ್ತಿ ಮಡಿಲಿಗೆ ಹಾಕಿಕೊಳ್ಳುವಾಗ ಯಜಮಾನ ಹೊತ್ತಾಯಿತೆಂದು ಕೂಗಿದ. ಅಂದು ಸೋಮವಾರ, ಚೀಲ ತುಂಬಬೇಕಿತ್ತು. ಮೈದುನ ಯಂತ್ರ ಹತ್ತಿ ನಿಂತು, ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈ ಮೇಲೆತ್ತಿದ.